ಹೊಸಬರ ಲೂರ್ ಕಿಟ್: ಅಡಿಕೆ ತೋಟದ ಕೆರೆಗೆ ಎಷ್ಟು ಒದಗುತ್ತದೆ?

ಕಾಸರಗೋಡು ಪೇಟೆಯಲ್ಲಿ ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿಯೂ ಆನ್‌ಲೈನ್ ಮಾರಾಟದಲ್ಲಿಯೂ ‘ಬಿಗಿನರ್ಸ್ ಕಾಂಬೊ’ ಎಂಬ ಕಿಟ್ ಈಗ ಧಾರಾಳವಾಗಿ ಸಿಗುತ್ತದೆ. ಜಿಪ್ ಇರುವ ಉದ್ದನೆಯ ಚೀಲದೊಳಗೆ ಏಳು ಅಡಿಯ ಎರಡು ತುಂಡಿನ ಗಾಳದ ರಾಡ್, ದಾರ ಸುತ್ತುವ ಒಂದು ಸ್ಪಿನ್ನಿಂಗ್ ರೀಲ್, ಅದಕ್ಕೆ ಮೊದಲೇ ಸುತ್ತಿಟ್ಟ ತಂಗೂಸು, ಖಾನೆಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಲೂರ್‌ಗಳು, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆಗಳು, ಇವಿಷ್ಟು ಅದರಲ್ಲಿರುತ್ತವೆ. ನಾನು ಕೊಂಡದ್ದು ಮೂರು ಸಾವಿರ ರೂಪಾಯಿಯ ಒಳಗಿನದ್ದು. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬೆಲೆಯ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವಾದ್ದರಿಂದ ಒಂದರ ಗುಣದೋಷ ಇನ್ನೊಂದಕ್ಕೂ ಸಲ್ಲುತ್ತದೆ. ಬದಿಯಡ್ಕ, ನೀರ್ಚಾಲು, ಪೆರ್ಲದ ಸುತ್ತಿನ ತೋಟದ ಕೆರೆಗಳಲ್ಲಿ ಮಳೆ ಬಿಟ್ಟಂದಿನಿಂದ ಬೇಸಗೆಯ ನಡುವಿನವರೆಗೆ ಇದನ್ನು ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಕೊಟ್ಟ ಹಣ ರಾಡಿಗೂ ರೀಲಿಗೂ ಸಂದಿತೆಂದು ತಿಳಿದರೆ ಇದು ನಷ್ಟದ ವ್ಯಾಪಾರವಲ್ಲ, ಆದರೆ ಅದರೊಂದಿಗೆ ಬರುವ ತಂಗೂಸನ್ನು ಮೊದಲ ದಿನವೇ ಬಿಚ್ಚಿಡಬೇಕು, ಪೆಟ್ಟಿಗೆಯ ಲೂರ್‌ಗಳಲ್ಲಿ ಮುಕ್ಕಾಲು ಪಾಲು ನಮ್ಮ ಕೆರೆಗಳಿಗೆ ಹೇಳಿದವಲ್ಲ.

ಹೀಗಾಗಲು ಕಾರಣ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಇದೆ. ಬಾಯಿ ಅಗಲಿಸಿ ನೀರಿನಿಂದ ಮೇಲಕ್ಕೆ ಹಾರುತ್ತಿರುವ ಹಸಿರು ಮೈಯ ಮೀನೊಂದರ ಚಿತ್ರ ಅಲ್ಲಿದೆ. ಅದು ಲಾರ್ಜ್‌ಮೌತ್ ಬ್ಯಾಸ್, ಉತ್ತರ ಅಮೆರಿಕದ ಸಿಹಿನೀರಿನ ಮೀನು. ಅಲ್ಲಿನ ಹೊಲಮನೆಗಳ ಸಣ್ಣ ಕೊಳಗಳಲ್ಲಿ ಅದನ್ನು ಲೂರ್ ಹಾಕಿ ಹಿಡಿಯುವುದು ಬಹಳ ಹಳೆಯ ಹವ್ಯಾಸ. ನಾವು ಇಂದು ಅಂಗಡಿಯಲ್ಲಿ ನೋಡುವ ಲೂರ್‌ಗಳಲ್ಲಿ ಬಹುಪಾಲು ಆ ಒಂದು ಮೀನಿನ ಬಾಯಿ, ಅದರ ಹಸಿವು, ಅದು ಅಡಗುವ ಜಾಗ ಇವುಗಳನ್ನು ಲೆಕ್ಕ ಹಾಕಿಯೇ ರೂಪುಗೊಂಡವು. ಪೆಟ್ಟಿಗೆಯಲ್ಲಿರುವ ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ವಂಶವೂ ಅಲ್ಲಿಯದೇ. 1949ರಲ್ಲಿ ಒಹಾಯೊದ ಏಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು ಅಂಥ ಹುಳುಗಳನ್ನು ಅಚ್ಚು ಹೊಯ್ಯತೊಡಗಿದರು. 1925ರಲ್ಲಿ ಈ ಮೀನನ್ನು ಜಪಾನಿನ ಆಶಿ ಸರೋವರಕ್ಕೆ ತಂದು ಬಿಟ್ಟರು. ಅದು ದೇಶವಿಡೀ ಹಬ್ಬಿ, ಊರಿನ ಮೀನುಗಳನ್ನು ತಿಂದು, ಕೊನೆಗೆ 2005ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಹಾನಿಕರ ಪರಕೀಯ ಜೀವಿಗಳ ಪಟ್ಟಿಗೂ ಸೇರಿತು. ಆದರೂ ದಾಖಲೆಯ ಗೌರವವನ್ನು ಎರಡು ದೇಶಗಳೂ ಹಂಚಿಕೊಂಡಿವೆ. 1932ರಲ್ಲಿ ಅಮೆರಿಕದ ಜಾರ್ಜಿಯದಲ್ಲಿ ಜಾರ್ಜ್ ಪೆರಿ ಹಿಡಿದ ಬ್ಯಾಸ್‌ಗೂ 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದಕ್ಕೂ ತೂಕದಲ್ಲಿ ಒಂದು ಔನ್ಸಿನಷ್ಟೂ ಅಂತರವಿಲ್ಲದ ಕಾರಣ, ಎರಡನ್ನೂ ಸಮಾನ ವಿಶ್ವದಾಖಲೆಯೆಂದು ಎಣಿಸಲಾಗಿದೆ. ಎರಡೂ ಹತ್ತು ಕಿಲೋದ ಮೇಲಿನವು.

ನಮ್ಮಲ್ಲಿ ಆ ಮೀನಿನ ಜಾಗದಲ್ಲಿ ಇರುವುದು ಮಡೆಂಜಿ, ಅಂದರೆ ಮಲಯಾಳದವರ ವರಾಲ್, ಘಟ್ಟದ ಮೇಲಿನವರ ಕೊರವ ಅಥವಾ ಮುರ್ರಲ್. ಕುಲದಲ್ಲಿ ಬ್ಯಾಸ್‌ಗೂ ಅದಕ್ಕೂ ಸಂಬಂಧವಿಲ್ಲ, ನಡತೆಯಲ್ಲಿ ಬಹಳ ಸಾಮ್ಯವಿದೆ. ಎರಡೂ ಬೆನ್ನಟ್ಟಿ ಓಡುವ ಮೀನುಗಳಲ್ಲ. ಮರೆಯಲ್ಲಿ ಕಾದು ಕುಳಿತು, ಹತ್ತಿರ ಬಂದದ್ದನ್ನು ಒಂದೇ ನೆಗೆತಕ್ಕೆ ನುಂಗುವಂಥವು. ಎರಡಕ್ಕೂ ಕಪ್ಪೆ ಎಂದರೆ ಆಸೆ. ಎರಡೂ ಮೊಟ್ಟೆ ಮರಿಗಳನ್ನು ಕಾಯುತ್ತವೆ. ವ್ಯತ್ಯಾಸವೆಂದರೆ ಮಡೆಂಜಿ ಗಾಳಿಯನ್ನೂ ಉಸಿರಾಡುವ ಮೀನು. ಕಿವಿರೊಂದರಿಂದಲೇ ಅದಕ್ಕೆ ಸಾಲದು, ಆಗಾಗ ನೀರಿನ ಮೇಲ್ಮೈಗೆ ಬಂದು ಗಾಳಿ ಗುಟುಕರಿಸಬೇಕು. ಹೊಸಬರಿಗೆ ಇದು ದೊಡ್ಡ ಅನುಕೂಲ. ಕೆರೆಯ ದಂಡೆಯಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತರೆ ಮೀನು ಇದೆಯೇ ಇಲ್ಲವೇ, ಇದ್ದರೆ ಯಾವ ಮೂಲೆಯಲ್ಲಿ ಎಂಬುದು ಅಲ್ಲಲ್ಲಿ ಏಳುವ ಗುಳ್ಳೆಯಿಂದ ತಿಳಿಯುತ್ತದೆ. ಅದಕ್ಕಾಗಿ ಯಾವ ಯಂತ್ರವನ್ನೂ ಕೊಳ್ಳಬೇಕಾಗಿಲ್ಲ.

ಕಿಟ್‌ನ ಗುಣದೋಷವನ್ನು ಹೇಳುವ ಮೊದಲು ಕೆರೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ದೂರುಗಳಲ್ಲಿ ಅರ್ಧ ಕೆರೆಯಿಂದಲೇ ಹುಟ್ಟಿದವು. ಅಮೆರಿಕದ ಕೊಳದ ಚಿತ್ರಗಳಲ್ಲಿ ಸುತ್ತಲೂ ಹುಲ್ಲುಗಾವಲು, ತಲೆಯ ಮೇಲೆ ಬರಿಯ ಆಕಾಶ ಇರುತ್ತದೆ. ನಮ್ಮ ತೋಟದ ಕೆರೆಯೆಂದರೆ ಮುರಕಲ್ಲನ್ನು ನೇರವಾಗಿ ಕಡಿದು ಇಳಿಸಿದ ಗೋಡೆ, ಒಂದು ಬದಿಗೆ ಇಳಿಯಲು ಮೆಟ್ಟಿಲು, ತಲೆಯ ಮೇಲೆ ಅಡಿಕೆ ಮರದ ಸೋಗೆಗಳು, ನೀರಿನಲ್ಲಿ ಬಿದ್ದು ಕೊಳೆಯುತ್ತಿರುವ ಹಾಳೆ, ಒಂದು ಮೂಲೆಯಲ್ಲಿ ಪಂಪಿನ ಕಪ್ಪು ಪೈಪು ಮತ್ತು ಅದರ ತುದಿಯ ಫೂಟ್‌ವಾಲ್ವ್. ಗುಡ್ಡೆಯ ಬುಡದಲ್ಲಿ ಕಟ್ಟಿದ ಮದಕವಾದರೆ ಜಾಗ ಹೆಚ್ಚು, ಆದರೆ ನೀರಿನ ಅರ್ಧ ಭಾಗ ನೈದಿಲೆ ಅಥವಾ ಅಂತರಗಂಗೆಯಿಂದ ಮುಚ್ಚಿರುತ್ತದೆ. ಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ನೀರು ತಿಳಿಯಾಗಿದ್ದರೂ ಅಂಚು ನೇರ, ಆಳ ಕಣ್ಣಿಗೆ ತಿಳಿಯದು; ಅಲ್ಲಿಗೆ ಮಕ್ಕಳನ್ನಾಗಲಿ ಈಜು ಬಾರದವರನ್ನಾಗಲಿ ಕರೆದುಕೊಂಡು ಹೋಗಬಾರದು. ಆಹಾರವನ್ನು ಊರಲ್ಲೇ ಬೆಳೆಯಲೆಂದು ಕೇರಳ ಸರಕಾರ ತಂದ 2020ರ ಸುಭಿಕ್ಷ ಕೇರಳಂ ಯೋಜನೆಯ ಕಾಲದಿಂದ ಹಿತ್ತಿಲಲ್ಲಿ ಮೀನು ಸಾಕುವ ಉಮೇದು ಹೆಚ್ಚಿ, ಟಾರ್ಪಾಲಿನ್ ಹಾಸಿದ ಕೊಳಗಳೂ ಅಲ್ಲಲ್ಲಿ ಕಾಣುತ್ತವೆ. ಅವುಗಳಲ್ಲಿ ಲೂರ್ ಹಾಕಲೇಬಾರದು. ಗಾಳದ ಮೊನೆ ಟಾರ್ಪಾಲಿನ್ನನ್ನು ಒಮ್ಮೆ ಗೀರಿದರೆ ಸಾಕು, ಬೆಳಗಾಗುವಾಗ ಕೊಳದಲ್ಲಿ ನೀರಿರುವುದಿಲ್ಲ.

ಇನ್ನು ರಾಡ್. ಏಳು ಅಡಿ ಎಂಬುದು ಮದಕಕ್ಕೆ ಸರಿ, ತೋಟದ ಕೆರೆಗೆ ಉದ್ದವಾಯಿತು. ತಲೆಯ ಮೇಲಿಂದ ಬೀಸಿ ಎಸೆಯಲು ಹೊರಟರೆ ತುದಿ ಸೋಗೆಗೆ ಬಡಿಯುತ್ತದೆ, ಲೂರ್ ಮರದಲ್ಲಿ ನೇತಾಡುತ್ತದೆ. ಅಂಗಡಿಯಲ್ಲಿ ಆಯ್ಕೆ ಇದ್ದರೆ ಆರು ಅಥವಾ ಆರೂವರೆ ಅಡಿಯದನ್ನೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಇದನ್ನು ಬಿಟ್ಟರೆ ರಾಡಿನ ಮೇಲೆ ನನಗೆ ದೊಡ್ಡ ದೂರಿಲ್ಲ. ಅದರ ಬುಡದಲ್ಲಿ ‘ಮೀಡಿಯಂ’ (ನಡುವಿನ ಬಿಗುವಿನದು) ಎಂದೂ, ಹತ್ತರಿಂದ ಮೂವತ್ತು ಗ್ರಾಂ ತೂಕದ ಲೂರ್ ಎಸೆಯಬಹುದೆಂದೂ ಅಚ್ಚು ಹಾಕಿದ್ದಾರೆ. ಈ ಬರಹವನ್ನು ಹೊಸಬರು ಬಣ್ಣಕ್ಕಿಂತ ಮೊದಲು ಓದಬೇಕು. ಹನ್ನೆರಡು ಗ್ರಾಂ ಆಸುಪಾಸಿನ ರಬ್ಬರ್ ಕಪ್ಪೆಯನ್ನು ಅದು ಆರಾಮವಾಗಿ ಎಸೆಯುತ್ತದೆ, ತಗಡು ತಿರುಗುವ ಐದು ಗ್ರಾಂನ ಸಣ್ಣ ಸ್ಪಿನ್ನರ್ ಲೂರನ್ನು ಎಸೆಯಲು ಕಷ್ಟಪಡುತ್ತದೆ. ಮಡೆಂಜಿಯನ್ನು ಸೊಪ್ಪಿನ ನಡುವಿನಿಂದ ಎಳೆದು ತರಲು ‘ಮೀಡಿಯಂ ಹೆವಿ’ ಇನ್ನೂ ಉತ್ತಮವಾಗಿತ್ತು. ಅಂಥ ರಾಡ್ ಇರುವ ಕಿಟ್ ಸಿಕ್ಕಿದರೆ ಬಿಡಬಾರದು. ಎರಡು ತುಂಡುಗಳು ಸೇರುವ ಜಾಗ ಬಿಗಿಯಾಗಿದೆ. ತಂಗೂಸು ಹಾಯುವ ಉಂಗುರಗಳ ಒಳಮೈಯನ್ನು ಅಂಗಡಿಯಲ್ಲಿಯೇ ಹತ್ತಿಯ ಚೂರಿನಿಂದ ಒರಸಿ ನೋಡುವುದು ಜಾಣತನ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ, ಆ ಬಿರುಕು ಮುಂದೆ ತಂಗೂಸನ್ನು ಕೊಯ್ಯುತ್ತದೆ. ನನ್ನ ರಾಡಿನ ಉಂಗುರಗಳಲ್ಲಿ ತುದಿಯದ್ದು ಸ್ವಲ್ಪ ಓರೆಯಾಗಿ ಅಂಟಿಕೊಂಡಿತ್ತು. ಈ ಬೆಲೆಗೆ ಅಷ್ಟನ್ನು ಕ್ಷಮಿಸಬಹುದು.

ರೀಲ್ 3000 ಗಾತ್ರದ್ದು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಮುಂದಿನ ಚಕ್ರ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಕೆರೆಯ ಕೆಲಸಕ್ಕೆ ಈ ವೇಗ ಬೇಕಾದಷ್ಟಾಯಿತು. ಪೆಟ್ಟಿಗೆಯ ಮೇಲೆ ಹನ್ನೆರಡು ಬೇರಿಂಗ್ ಇದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಬೇರಿಂಗ್‌ಗಳ ಸಂಖ್ಯೆಯಿಂದ ರೀಲಿನ ಗುಣ ತಿಳಿಯುವುದಿಲ್ಲ. ಒಳ್ಳೆಯ ನಾಲ್ಕು ಬೇರಿಂಗ್‌ಗಳಿರುವ ರೀಲ್ ಸದ್ದು ಮಾಡುವ ಹನ್ನೆರಡರದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಅಂಗಡಿಯಲ್ಲಿ ನೋಡಬೇಕಾದ್ದು ಬೇರೆ. ಹಿಡಿಯನ್ನು ನಿಧಾನವಾಗಿ ತಿರುಗಿಸುವಾಗ ಎಲ್ಲಿಯಾದರೂ ತಡೆ ಇದೆಯೇ, ಹಿಡಿಯನ್ನು ಹಿಂದಕ್ಕೆ ಒತ್ತಿದರೆ ಆಡುತ್ತದೆಯೇ, ಡ್ರ್ಯಾಗ್ ಗುಂಡಿಯನ್ನು (ಮೀನು ಎಳೆದಾಗ ತಂಗೂಸು ಎಷ್ಟು ಬಿಗಿಯಲ್ಲಿ ಹೊರಹೋಗಬೇಕೆಂದು ಹೊಂದಿಸುವಂಥದ್ದು) ಸಡಿಲಿಸಿ ತಂಗೂಸನ್ನು ಕೈಯಿಂದ ಎಳೆದಾಗ ಅದು ಒಂದೇ ಹದದಲ್ಲಿ ಬಿಡುತ್ತದೆಯೇ ಅಥವಾ ತಡೆತಡೆದು ಬಿಡುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು. ನನ್ನ ರೀಲಿನ ಡ್ರ್ಯಾಗ್ ನಡುವಿನ ಬಿಗಿತದಲ್ಲಿ ಚೆನ್ನಾಗಿ ನಡೆಯುತ್ತದೆ, ಪೂರ್ತಿ ಬಿಗಿದಾಗ ಮಾತ್ರ ಒಮ್ಮೊಮ್ಮೆ ಜಗ್ಗುತ್ತದೆ. ಇನ್ನೊಂದು ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು: ಎಸೆದ ಮೇಲೆ ರೀಲಿನ ಮೇಲಿನ ಕಮಾನು ತಂತಿಯನ್ನು ಕೈಯಿಂದಲೇ ಮುಚ್ಚಿ, ಸಡಿಲಾದ ತಂಗೂಸನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಬೇಕು. ಹಿಡಿ ತಿರುಗಿಸಿದರೆ ಆ ತಂತಿ ತಾನಾಗಿ ಮುಚ್ಚಿಕೊಳ್ಳುವುದು ನಿಜ. ಆದರೆ ಹಾಗೆ ಮಾಡಿದಾಗ ಸಡಿಲ ಸುತ್ತು ಒಳಗೆ ಕುಳಿತು ಮುಂದಿನ ಎಸೆತಕ್ಕೆ ಗೋಜಲಾಗಿ ಹೊರಬರುತ್ತದೆ.

ಕಿಟ್‌ನ ಅತ್ಯಂತ ಕಳಪೆ ಭಾಗ ತಂಗೂಸು. ನೈಲಾನಿನ ಈ ತಂಗೂಸು ಎಷ್ಟು ದಿನ ಗೋದಾಮಿನಲ್ಲಿ ಬಿಸಿಲು ಕಂಡಿತ್ತೋ ಏನೋ, ರೀಲಿನಿಂದ ಬಿಚ್ಚಿದರೆ ಸುರುಳಿ ಸುರುಳಿಯಾಗಿಯೇ ಉಳಿಯುತ್ತದೆ, ಗಂಟು ಹಾಕಿ ಕೈಗೆ ಸುತ್ತಿ ಎಳೆದರೆ ಗಂಟಿನ ಬಳಿಯೇ ಪಟ್ಟೆಂದು ತುಂಡಾಗುತ್ತದೆ. ಹೊಸ ನೈಲಾನ್ ಆಗಿದ್ದರೂ ಮಡೆಂಜಿಗೆ ಅದು ಹೇಳಿದ್ದಲ್ಲ. ನೈಲಾನ್ ಎಳೆದಾಗ ಹಿಗ್ಗುತ್ತದೆ. ದೂರದಲ್ಲಿ ಸೊಪ್ಪಿನ ಮೇಲೆ ಮೀನು ಕಪ್ಪೆಯನ್ನು ಕಚ್ಚಿದಾಗ ನಾವು ರಾಡ್ ಎತ್ತಿದ ಬಲವೆಲ್ಲ ಆ ಹಿಗ್ಗಿನಲ್ಲಿಯೇ ಕಳೆದುಹೋಗಿ ಗಾಳ ಮೀನಿನ ಗಟ್ಟಿ ಬಾಯಿಗೆ ನಾಟುವುದಿಲ್ಲ. ಇಲ್ಲಿ ಬೇಕಾದದ್ದು ಬ್ರೇಡ್, ಅಂದರೆ ಸಣ್ಣ ಸಣ್ಣ ಎಳೆಗಳನ್ನು ಹೆಣೆದು ಮಾಡಿದ, ಹಿಗ್ಗದ ದಾರ. ಮೂವತ್ತು ಪೌಂಡಿನ ಎಳೆತ ತಡೆಯುವ ಬ್ರೇಡ್ ಕೆರೆಗಳಿಗೆ ಸಾಕು. ಅಂತರಗಂಗೆ ದಟ್ಟವಾಗಿರುವ ಮದಕಕ್ಕೆ ನಲವತ್ತಾದರೂ ಹೆಚ್ಚಲ್ಲ. ಬ್ರೇಡನ್ನು ಬರಿಯ ಸ್ಪೂಲಿನ, ಅಂದರೆ ರೀಲಿನಲ್ಲಿ ದಾರ ಸುತ್ತುವ ಉರುಳೆಯ, ಮೇಲೆ ನೇರವಾಗಿ ಸುತ್ತಿದರೆ ಅದು ಇಡಿಯಾಗಿ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಎಂದು ಭ್ರಮೆಯಾಗುತ್ತದೆ. ಆದ್ದರಿಂದ ಕಿಟ್‌ನ ಆ ನೈಲಾನನ್ನು ಎಸೆಯುವ ಬದಲು ಅದರಲ್ಲಿ ಚೆನ್ನಾಗಿರುವ ಹತ್ತಿಪ್ಪತ್ತು ಸುತ್ತನ್ನು ಅಡಿಗೆ ಬಿಗಿಯಾಗಿ ಹಾಕಿ, ಅದರ ತುದಿಗೆ ಬ್ರೇಡ್ ಕಟ್ಟಿ, ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಬಾಕಿ ಇರುವವರೆಗೆ ಸುತ್ತಬೇಕು. ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಬಿಡಬೇಕು. ಹೀಗೆ ಮಾಡಿದ ದಿನದಿಂದ ಇದೇ ಅಗ್ಗದ ರೀಲ್ ಬೇರೆಯೇ ರೀಲಿನಂತೆ ನಡೆಯಿತು. ಕಿಟ್ ತಯಾರಿಸುವವರು ಲೂರ್ ಪೆಟ್ಟಿಗೆಯನ್ನೇ ಬಿಟ್ಟು ಆ ಹಣಕ್ಕೆ ನೂರು ಮೀಟರ್ ಸಾಧಾರಣ ಬ್ರೇಡ್ ಕೊಟ್ಟಿದ್ದರೆ ನಾನು ಈ ಕಿಟ್ಟನ್ನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತಿದ್ದೆ.

ಆ ಲೂರ್ ಪೆಟ್ಟಿಗೆ ನೋಡಲು ಮಾತ್ರ ಜಾತ್ರೆಯ ಬಳೆ ಅಂಗಡಿಯಂತಿದೆ. ಮಿನುಗುವ ಗಟ್ಟಿ ಪ್ಲಾಸ್ಟಿಕ್ ಮೀನುಗಳೇ ಹೆಚ್ಚು. ಪ್ರತಿಯೊಂದರ ಹೊಟ್ಟೆಗೂ ಬಾಲಕ್ಕೂ ಮೂರು ಮೊನೆಯ ಗಾಳ. ಅವು ತಿಳಿನೀರಿನಲ್ಲಿ, ಅಡೆತಡೆಯಿಲ್ಲದ ಜಾಗದಲ್ಲಿ ಚೆನ್ನಾಗಿಯೇ ಈಜುತ್ತವೆ. ಆದರೆ ಕೊಳೆತ ಹಾಳೆ, ಸೋಗೆ, ನೈದಿಲೆಯ ದಂಟು ತುಂಬಿದ ಕೆರೆಯಲ್ಲಿ ಎರಡನೆಯ ಎಸೆತಕ್ಕೆ ಅವು ಎಲ್ಲಿಯಾದರೂ ಸಿಕ್ಕಿಕೊಳ್ಳುವುದು ಖಚಿತ. ನಾನು ಗಾಳ ಹಾಕಲು ಅನುಮತಿ ಕೇಳಿದ ಕೆರೆಯೊಂದರ ಯಜಮಾನರು, ಮೀನಿನ ವಾಸನೆಯೇ ಆಗದ ಭಟ್ಟರು, ಪೆಟ್ಟಿಗೆಯನ್ನು ತೆರೆದು ನೋಡಿದವರೇ, “ಹಿಡಿಯುವುದಾದರೆ ಹಿಡಿಯಿರಿ ಮಾರಾಯರೇ, ಆದರೆ ಈ ಮೂರು ಮುಳ್ಳಿನದ್ದು ಫೂಟ್‌ವಾಲ್ವಿಗೆ ಸಿಕ್ಕಿದರೆ ಕೆರೆಗೆ ಇಳಿಯುವವರು ನೀವೇ” ಎಂದರು. ಆ ಮಾತು ಯಾವ ತಜ್ಞರ ವಿಮರ್ಶೆಗೂ ಕಡಿಮೆಯದ್ದಲ್ಲ. ಆ ಗಟ್ಟಿ ಮೀನುಗಳನ್ನು ನಾನು ಮೊಗ್ರಾಲು ಮತ್ತು ಚಂದ್ರಗಿರಿ ಹೊಳೆಗಳ ಅಳಿವೆಯ ಬದಿಗೆಂದು ಎತ್ತಿಟ್ಟಿದ್ದೇನೆ. ಅಲ್ಲಿನ ಉಪ್ಪುನೀರಿನಲ್ಲಿ ಕಾಳಾಂಜಿ ಇದೆ. ಸೀಬಾಸ್ ಎಂದು ಇಂಗ್ಲಿಷಿನಲ್ಲಿ ಕರೆಸಿಕೊಳ್ಳುವ ಅದಕ್ಕೂ ಅಮೆರಿಕದ ಬ್ಯಾಸ್‌ಗೂ ಹೆಸರಿನ ನಂಟು ಮಾತ್ರ. ಆದರೆ ಕಾಳಾಂಜಿಯ ಎಳೆತಕ್ಕೆ ಈ ಪೆಟ್ಟಿಗೆಯ ತೆಳು ಗಾಳಗಳು ನೇರವಾಗಿಬಿಡುವ ಸಂಭವ ಹೆಚ್ಚು, ಅವನ್ನು ಬದಲಿಸದೆ ಹೊಳೆಗೆ ಒಯ್ಯಬಾರದು. ಪ್ಲಾಸ್ಟಿಕ್ ಹುಳುಗಳನ್ನು ಬ್ಯಾಸ್ ಹಿಡಿಯುವವರು ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸಿ, ಮುಂದೆ ಸೀಸದ ಗುಂಡು ಹಾಕಿ ಕೊಳದ ತಳದಲ್ಲಿ ನಿಧಾನವಾಗಿ ಎಳೆಯುತ್ತಾರೆ. ಅಲ್ಲಿ ಹೊಸಬರಿಗೆ ಮೊದಲು ಕಲಿಸುವ ವಿಧಾನಗಳಲ್ಲಿ ಅದೂ ಒಂದು. ನಮ್ಮ ಕೆರೆಯ ತಳ ಒಂದು ಅಡಿ ಕೆಸರು. ಹುಳು ಅದರೊಳಗೆ ಹೂತುಹೋಗುತ್ತದೆ.

ಉಳಿಯುವುದು ಕಪ್ಪೆ. ಪೆಟ್ಟಿಗೆಯಲ್ಲಿದ್ದ ಎರಡು ರಬ್ಬರ್ ಕಪ್ಪೆಗಳು ಒಳಗೆ ಟೊಳ್ಳಾದವು. ಇವುಗಳ ಉಪಾಯ ಸರಳವಾಗಿದೆ: ಎರಡು ಗಾಳಗಳು ಮೊನೆ ಮೇಲೆ ಮಾಡಿಕೊಂಡು ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುತ್ತವೆ, ಆದ್ದರಿಂದ ಸೊಪ್ಪು ಸದೆಯ ಮೇಲೆ ಎಳೆದರೂ ಸಿಕ್ಕುವುದಿಲ್ಲ, ಮೀನು ಕಚ್ಚಿದಾಗ ಟೊಳ್ಳು ಮೈ ಕುಗ್ಗಿ ಮೊನೆಗಳು ಹೊರಗೆ ಬರುತ್ತವೆ. ಮೈ ಕುಗ್ಗದಿದ್ದರೆ ಎಲ್ಲವೂ ವ್ಯರ್ಥ. ಕಿಟ್‌ನ ಕಪ್ಪೆಗಳಲ್ಲಿ ಒಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಮೊನೆ ಕಾಣುವಷ್ಟೂ ಕುಗ್ಗಲಿಲ್ಲ, ಇನ್ನೊಂದು ಮೆತ್ತಗಿತ್ತು ಆದರೆ ಮೂಗಿನ ಬಳಿಯ ಸೀಳಿನಿಂದ ನೀರು ಕುಡಿದು ಕೆಲವೇ ಎಸೆತಗಳಿಗೆ ಮುಳುಗುತ್ತಿತ್ತು. ಪ್ರತಿ ಸಲ ಎತ್ತಿ ಹಿಂಡಿ ನೀರು ಚಿಮ್ಮಿಸಿ ಮತ್ತೆ ಎಸೆಯಬೇಕು. ಆದ್ದರಿಂದ ಒಂದು ಒಳ್ಳೆಯ ಕಪ್ಪೆಯನ್ನು ಬಿಡಿಯಾಗಿ ಕೊಳ್ಳುವುದು ಅನಿವಾರ್ಯ. ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ಅಂಗಡಿಯಲ್ಲೇ ಒತ್ತಿ ನೋಡಿ ಆರಿಸಬಹುದು. ಬಣ್ಣದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಹೊಟ್ಟೆಯ ಭಾಗ; ಬೆನ್ನಿನ ಚುಕ್ಕೆ ಗೆರೆಗಳು ಕೊಳ್ಳುವವರ ಕಣ್ಣಿಗಾಗಿ ಇರುವವು. ಕೇರಳದಲ್ಲಿ ಬಹಳ ಮಂದಿ ಮೆಚ್ಚುವ ‘ಜಂಪ್ ಫ್ರಾಗ್’ ಎಂಬ ಚಿಕ್ಕ ಕಪ್ಪೆ, ಹಿಂದುಗಡೆ ತಿರುಗುವ ಸಣ್ಣ ತಗಡು ಇರುವಂಥದ್ದು, ಈ ಕಿಟ್‌ನಲ್ಲಿ ಇಲ್ಲವೇ ಇಲ್ಲ. ಸೊಪ್ಪು ಕಡಿಮೆ ಇರುವ ಕೆರೆಗೆ ನನ್ನ ಮಟ್ಟಿಗೆ ಅದೇ ಹೆಚ್ಚು ಕೆಲಸದ್ದು.

ಕಪ್ಪೆಯನ್ನು ಬ್ರೇಡಿಗೆ ನೇರವಾಗಿ ಗಂಟು ಹಾಕಬೇಕು. ಕಿಟ್‌ನಲ್ಲಿ ಕೊಟ್ಟಿರುವ ಸ್ವಿವೆಲ್ ಕೊಂಡಿಯ ಮೂಲಕ ಹಾಕಿದರೆ ಅದರ ತೂಕಕ್ಕೆ ಕಪ್ಪೆಯ ಮೂಗು ನೀರಿಗೆ ಬಗ್ಗುತ್ತದೆ, ಕೊಂಡಿಗೆ ಪಾಚಿಯೂ ತೊಡರುತ್ತದೆ. ದಾರವನ್ನು ಮಡಚಿ ಎರಡೆಳೆ ಮಾಡಿ ಹಾಕುವ ಪಾಲೋಮರ್ ಗಂಟು ಬ್ರೇಡಿಗೆ ಹೇಳಿ ಮಾಡಿಸಿದ್ದು. ಕಲಿಯಲು ಐದು ನಿಮಿಷ ಸಾಕು, ಬಿಗಿಯುವ ಮೊದಲು ಬಾಯಿಯ ನೀರು ಹಚ್ಚುವುದನ್ನು ಮಾತ್ರ ಮರೆಯಬಾರದು. ತೋಟದ ಕೆರೆಯಲ್ಲಿ ಎಸೆಯುವುದಕ್ಕೂ ಒಂದು ಕ್ರಮವಿದೆ. ಲೂರನ್ನು ರಾಡಿನ ಅರ್ಧದಷ್ಟು ಕೆಳಕ್ಕೆ ಇಳಿಬಿಟ್ಟು, ರಾಡಿನ ತುದಿಯನ್ನು ನೀರಿನ ಕಡೆಗೆ ಬಗ್ಗಿಸಿ, ಮಣಿಕಟ್ಟಿನಿಂದ ಕೆಳಗಿನಿಂದ ಮೇಲಕ್ಕೆ ತೂಗಿ ಬಿಡಬೇಕು. ಕಪ್ಪೆ ತಗ್ಗಿನಲ್ಲಿಯೇ ಹಾರಿ ಸೋಗೆಗಳ ಕೆಳಗೆ ನುಸುಳುತ್ತದೆ. ಕೆರೆಯ ನಡುವಿಗೆ ಎಸೆಯುವುದು ಹೊಸಬರ ಹಟ. ಮೀನು ಇರುವುದು ಗೋಡೆಯ ಬದಿಯಲ್ಲಿ, ಕಲ್ಲು ಜರಿದು ಪೊಟರೆಯಾದಲ್ಲಿ, ತೇಲುವ ಹಾಳೆಯ ನೆರಳಿನಲ್ಲಿ. ಒಂದು ಮೂಲೆಯಲ್ಲಿ ನಿಂತು ಗೋಡೆಗೆ ಸಮಾನಾಂತರವಾಗಿ, ಒಂದು ಗೇಣು ಬಿಟ್ಟು ಕಪ್ಪೆಯನ್ನು ನಡೆಸಿಕೊಂಡು ಬಂದರೆ ಇಡೀ ಗೋಡೆಯನ್ನು ಒಂದೇ ಎಸೆತದಲ್ಲಿ ಪರೀಕ್ಷಿಸಿದಂತಾಗುತ್ತದೆ. ಎರಡು ಸಲ ಕುಪ್ಪಳಿಸಿ, ಒಂದು ಕ್ಷಣ ನಿಲ್ಲಿಸಿ, ಮತ್ತೆ ಕುಪ್ಪಳಿಸಬೇಕು. ಬಹುಪಾಲು ಹೊಡೆತಗಳು ಬರುವುದು ನಿಲ್ಲಿಸಿದ ಆ ಕ್ಷಣದಲ್ಲಿ.

ಮಡೆಂಜಿ ಕಪ್ಪೆಯನ್ನು ಹೊಡೆಯುವ ಸದ್ದು, ತೆಂಗಿನಕಾಯಿ ಕೆರೆಗೆ ಬಿದ್ದಂಥದ್ದು, ಎಂಥವರನ್ನೂ ಬೆಚ್ಚಿ ಬೀಳಿಸುತ್ತದೆ. ಬೆಚ್ಚಿ ಕೂಡಲೇ ರಾಡ್ ಎಳೆದರೆ ಕಪ್ಪೆ ಬರಿದೇ ಹಾರಿ ನಮ್ಮ ಮುಖಕ್ಕೆ ಬರುತ್ತದೆ. ಕಣ್ಣಿಗೆ ಕನ್ನಡಕ ಇರಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ. ಸದ್ದು ಕೇಳಿದ ಮೇಲೆ ರಾಡಿನ ತುದಿಯನ್ನು ಸ್ವಲ್ಪ ತಗ್ಗಿಸಿ, ದಾರ ಬಿಗಿಯಾಗಿ ಮೀನಿನ ಭಾರ ಕೈಗೆ ತಿಳಿದ ಮೇಲೆ ಜೋರಾಗಿ ಎತ್ತಬೇಕು. ಆಮೇಲೆ ಮೀನಿಗೆ ಆಟವಾಡಲು ಬಿಡದೆ ಸೊಪ್ಪಿನಿಂದ ಹೊರಕ್ಕೆ ತರಬೇಕು, ಬಿಟ್ಟರೆ ಅದು ಬೇರಿನ ಬುಡಕ್ಕೆ ಹೋಗಿ ದಾರವನ್ನು ಸುತ್ತಿಹಾಕುತ್ತದೆ. ಗೋಡೆಯ ಕೆರೆಯಲ್ಲಿ ಕೊನೆಯ ಹಂತವೇ ರಾಡಿಗೆ ಅಪಾಯ. ಮೇಲೆ ನಿಂತು ರಾಡನ್ನು ನೆಟ್ಟಗೆ ಎತ್ತಿ ಒಂದು ಕಿಲೋದ ಮೀನನ್ನು ತೂಗಿದರೆ ತುದಿ ಮುರಿಯುತ್ತದೆ. ಇದು ಅಗ್ಗದ ರಾಡಿನ ದೋಷವಲ್ಲ, ಹತ್ತು ಸಾವಿರದ್ದೂ ಹಾಗೆಯೇ ಮುರಿಯುತ್ತದೆ. ಮೀನನ್ನು ಮೆಟ್ಟಿಲಿನ ಬದಿಗೆ ನಡೆಸಿಕೊಂಡು ಹೋಗಬೇಕು, ಇಲ್ಲವೇ ಉದ್ದ ಕೋಲಿನ ಗೋರುಬಲೆ ಜೊತೆಗಿರಬೇಕು. ಬಲೆಯಾಗಲಿ, ಗಾಳ ಬಿಡಿಸುವ ಉದ್ದ ಮೂತಿಯ ಇಕ್ಕುಳವಾಗಲಿ ಕಿಟ್‌ನಲ್ಲಿ ಇಲ್ಲ. ಇಕ್ಕುಳವಿಲ್ಲದೆ ಮಡೆಂಜಿಯ ಬಾಯಿಗೆ ಬೆರಳು ಹಾಕಬಾರದು; ಅದರ ಹಲ್ಲು ಸಣ್ಣವಾದರೂ ಹರಿತ. ಅದೇ ಹಲ್ಲು ದಾರವನ್ನೂ ತರಚುವುದರಿಂದ, ಮೀನು ಸಿಕ್ಕಿದ ಮೇಲೆ ಕೊನೆಯ ಒಂದು ಅಡಿಯನ್ನು ಬೆರಳಿನಿಂದ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಮತ್ತೆ ಗಂಟು ಹಾಕಬೇಕು.

ಕಾಲದ ವಿಷಯದಲ್ಲಿ ಕಿಟ್‌ನ ಇಂಗ್ಲಿಷ್ ಚೀಟಿ ನಮಗೆ ಉಪಯೋಗವಿಲ್ಲ. ಅದು ವಸಂತ, ಶರತ್ಕಾಲ ಎಂದು ಅಮೆರಿಕದ ಹವೆಯ ಲೆಕ್ಕ ಹೇಳುತ್ತದೆ. ಇಲ್ಲಿ ತುಲಾ ತಿಂಗಳ ಮಳೆ ಹಿಂದೆ ಸರಿದು ಕೆರೆಯ ಕೆಂಪು ನೀರು ತಿಳಿಯಾಗುವಾಗ ಒಳ್ಳೆಯ ಕಾಲ ಶುರುವಾಗುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು, ಸಂಜೆ ಬಿಸಿಲು ಇಳಿದ ಮೇಲೆ. ಮಳೆಗಾಲದಲ್ಲಿ ಗಾಳವನ್ನು ಮನೆಯಲ್ಲಿಯೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆಗ ಮಡೆಂಜಿ ಮರಿ ಮಾಡುತ್ತದೆ. ಕಿತ್ತಳೆ ಬಣ್ಣದ ಮರಿಗಳ ಮಂದೆ ನೀರಿನ ಮೇಲೆ ಕುದಿಯುವಂತೆ ಕಾಣುತ್ತದೆ, ತಾಯಿ ತಂದೆ ಅದರ ಅಡಿಯಲ್ಲಿ ಕಾವಲಿರುತ್ತವೆ. ಆ ಮಂದೆಯ ಮೇಲೆ ಕಪ್ಪೆ ಬಿಟ್ಟರೆ ಹಸಿವಿಲ್ಲದಿದ್ದರೂ ಅವು ಸಿಟ್ಟಿನಿಂದ ಹೊಡೆಯುತ್ತವೆ. ಅದನ್ನು ಜಾಣತನವೆಂದು ವಿಡಿಯೋಗಳಲ್ಲಿ ತೋರಿಸುವವರಿದ್ದಾರೆ. ಕಾವಲು ಹೋದ ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ, ಮುಂದಿನ ವರ್ಷ ಆ ಕೆರೆಯಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತಿ ಬರುವ ಮೊಟ್ಟೆ ತುಂಬಿದ ಮೀನುಗಳನ್ನು ಹಿಡಿಯುವುದಂತೂ, ಮಲಯಾಳದಲ್ಲಿ ಊತ್ತ ಎನ್ನುವುದು, ಕೇರಳದ 2010ರ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯ್ದೆಯ ಅಡಿಯಲ್ಲಿ ನಿಷಿದ್ಧ. ದೇವಸ್ಥಾನದ ಕೆರೆಗಳಲ್ಲಿ ಗಾಳ ಹಾಕಬಾರದೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರಲ್ಲಿ ಸತ್ತಾಗ ಜನ ಸಾಲುಗಟ್ಟಿ ದರ್ಶನ ಪಡೆದ ನಾಡು ಇದು. ಹೊರಗಿನಿಂದ ಬರುವ ಹವ್ಯಾಸಿಗಳು ಮಾತ್ರ ಯಾವುದೇ ಕೆರೆಗೆ ಗಾಳ ಬಿಡುವ ಮೊದಲು ಅದು ಯಾರದ್ದೆಂದು ಕೇಳಿ ತಿಳಿದುಕೊಳ್ಳಬೇಕು. ಪಂಚಾಯತಿನ ಕೆರೆಯಾದರೂ ಮೀನು ಸಾಕಲು ಯಾರಿಗಾದರೂ ವಹಿಸಿರಬಹುದು.

ಅಂಗಡಿಯ ಸೇವೆಯ ಬಗ್ಗೆ ಎರಡು ಮಾತು. ಕೌಂಟರಿನಲ್ಲಿದ್ದ ಹುಡುಗ ಮಲಯಾಳದಲ್ಲಿ ಶುರು ಮಾಡಿ, ನನ್ನ ಮಾತು ಕೇಳಿ ಕನ್ನಡಕ್ಕೆ ಹೊರಳಿ, ರೀಲನ್ನು ಪೆಟ್ಟಿಗೆಯಿಂದ ತೆಗೆದು ರಾಡಿಗೆ ಸಿಕ್ಕಿಸಿ ತೋರಿಸಿದ. ಬ್ರೇಡ್ ಅಲ್ಲೇ ಕೊಂಡರೆ ಯಂತ್ರದಲ್ಲಿ ಸುತ್ತಿ ಕೊಡುತ್ತೇನೆಂದೂ ಹೇಳಿದ. ಇದು ಆನ್‌ಲೈನಿನಲ್ಲಿ ಸಿಗದ ಉಪಕಾರ. ಆದರೆ ಕಿಟ್‌ನ ಲೂರ್ ಪೆಟ್ಟಿಗೆಯ ಬದಲು ಒಂದು ಒಳ್ಳೆಯ ಕಪ್ಪೆ ಕೊಡಿ ಎಂದರೆ, ಕಿಟ್ ಒಡೆಯುವಂತಿಲ್ಲ ಎಂಬ ಉತ್ತರ ಬಂತು. ವಾರಂಟಿ ಎಂಬುದು ರೀಲಿಗೆ ಮಾತ್ರ, ಅದೂ ತಯಾರಿಕೆಯ ದೋಷಕ್ಕೆ. ರಾಡ್ ಮುರಿದರೆ ಹೊಸದನ್ನೇ ಕೊಳ್ಳಬೇಕು, ಅದರ ತುಂಡು ಬಿಡಿಯಾಗಿ ಸಿಗುವುದಿಲ್ಲ. ಕೈಯಲ್ಲಿ ಈಗಾಗಲೇ ಯಾವುದಾದರೂ ಹಳೆಯ ಸ್ಪಿನ್ನಿಂಗ್ ರೀಲ್ ಇರುವವರು ಈ ಕಿಟ್ ಕೊಳ್ಳುವ ಅಗತ್ಯವಿಲ್ಲ. ಆರೂವರೆ ಅಡಿಯ ಮೀಡಿಯಂ ಹೆವಿ ರಾಡ್, ನೂರು ಮೀಟರ್ ಬ್ರೇಡ್, ಒಂದು ಟೊಳ್ಳು ಕಪ್ಪೆ, ಒಂದು ಜಂಪ್ ಫ್ರಾಗ್, ಒಂದು ಇಕ್ಕುಳ ಇವಿಷ್ಟನ್ನು ಬಿಡಿಯಾಗಿ ಕೊಂಡರೆ ಕಿಟ್‌ನ ಬೆಲೆಯ ಹತ್ತಿರವೇ ಮುಗಿಯುತ್ತದೆ. ಏನೂ ಇಲ್ಲದವರು ಕಿಟ್ ಕೊಂಡು, ಅದರ ಮೇಲೆ ಬ್ರೇಡಿಗೂ ಕಪ್ಪೆಗೂ ಇಕ್ಕುಳಕ್ಕೂ ಇನ್ನೊಂದು ಸಾವಿರ ರೂಪಾಯಿಯನ್ನು ಕಟ್ಟಿಟ್ಟುಕೊಂಡು ಅಂಗಡಿಗೆ ಹೋಗುವುದು ಲೇಸು. ರೀಲನ್ನು ಅಳಿವೆಯ ಉಪ್ಪುನೀರಿಗೆ ಒಯ್ದವರು ಮನೆಗೆ ಬಂದ ಕೂಡಲೇ ಸಿಹಿನೀರನ್ನು ಮೇಲಿನಿಂದ ಮೆಲ್ಲಗೆ ಹನಿಸಿ ತೊಳೆದು, ಡ್ರ್ಯಾಗ್ ಗುಂಡಿ ಸಡಿಲಿಸಿ ನೆರಳಿನಲ್ಲಿ ಒಣಗಿಸಬೇಕು. ಈ ಬೆಲೆಯ ರೀಲಿನ ತಿರುಪುಗಳು ತುಕ್ಕು ಹಿಡಿಯಲು ಒಂದು ರಾತ್ರಿಯೇ ಸಾಕು.